ಮೋನಾಕ ಹಾಕಿದ ಕೆಂಪು ಗೆರೆ

ಇದನ್ನು ಬರೆಯಬೇಕೆಂದು ಹೊರಟು ಆರು ವರ್ಷವಾಯಿತು. ಪ್ರತಿ ಸಲವೂ ಏನಾದರೊಂದು ನೆಪ ಸಿಗುತ್ತಿತ್ತು. ಒಮ್ಮೆ ಕನ್ನಡಕ ಬದಲಿಸಬೇಕಿತ್ತು, ಒಮ್ಮೆ ಮೊಣಕಾಲು ನೋವು, ಇನ್ನೊಮ್ಮೆ ಮನೆಯಲ್ಲಿ ಒಳ್ಳೆಯ ಪೆನ್ನು ಇರಲಿಲ್ಲ. ಈಗ ಕನ್ನಡಕ ಹೊಸದು, ಪೆನ್ನು ಮೂರಿವೆ. ಬರೆಯುವುದಕ್ಕೆ ಮೊಣಕಾಲು ಬೇಕಾಗುವುದಿಲ್ಲ ಎಂದು ಹೆಂಡತಿ ಪ್ರೇಮ ಹೇಳಿಯಾಗಿದೆ. ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಮೋನಾಕ ಎಂಜಿನಿನ ಶಬ್ದ ಕೇಳುವಾಗ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಬೆನ್ನೇ. ಎಣ್ಣೆ ಕುಡಿದು ಕಪ್ಪಾದ ಬನಿಯನ್, ಮಡಚಿ ಕಟ್ಟಿದ ಲುಂಗಿ, ಹಿಂದಕ್ಕೆ ಚಾಚಿದ ಬಲಗೈಯಲ್ಲಿ ಸಣ್ಣ ಸ್ಕ್ರೂ ಡ್ರೈವರ್. ಮೇಜಿನ ಮೇಲೆ ಮಿಷನ್ ಕಿರಿಚುತ್ತಿದ್ದರೆ ಇವರು ರಸ್ತೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಹಿಂದೆಯೇ ಕೈಯಿಟ್ಟು ಸ್ಕ್ರೂ ತಿರುಗಿಸುತ್ತಿದ್ದರು. ಹೀಗೇಕೆ ಎಂದು ಒಮ್ಮೆ ಕೇಳಿದೆ.

"ಕಣ್ಣು ಸುಳ್ಳು ಹೇಳ್ತದೆ ಶೆಟ್ರೇ. ಮಿಷನ್ ನಡುಗುವುದು ಕಂಡರೆ ಮನಸ್ಸು ಅಲ್ಲಿಗೇ ಹೋಗ್ತದೆ. ಕಿವಿಗೆ ಬಿಡುವ."

ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಸಿಟ್ಟು ಬಂದಾಗ ಮಾತ್ರ ಅವರು ತಮ್ಮ ಮನೆಮಾತಾದ ಬ್ಯಾರಿ ಭಾಷೆಗೆ ಹೋಗುತ್ತಿದ್ದರು, ಅದೂ ಎಂಜಿನಿನ ಜತೆ. ಇಲ್ಲಿ ಎಲ್ಲವನ್ನೂ ಕನ್ನಡ ಮಾಡಿದ್ದೇನೆ.

ಅವರ ಅಂಗಡಿ ಇದ್ದದ್ದು ಮಾಣಿಯಲ್ಲಿ, ಜಂಕ್ಷನ್ನಿನಿಂದ ಸ್ವಲ್ಪ ಒಳಗೆ. ಹುಲ್ಲು ಕತ್ತರಿಸುವ ಮಿಷನ್, ಔಷಧಿ ಬಿಡುವ ಸ್ಪ್ರೇಯರ್, ಮರ ಕೊಯ್ಯುವ ಗರಗಸ, ಹೀಗೆ ಪೆಟ್ರೋಲ್ ಕುಡಿಯುವ ಸಣ್ಣ ಯಂತ್ರಗಳೆಲ್ಲ ಕಾಯಿಲೆ ಬಿದ್ದಾಗ ಬರುತ್ತಿದ್ದದ್ದು ಅಲ್ಲಿಗೆ. ಮುಂಡಾಜೆಯಿಂದಲೂ ಜೀಪಿನಲ್ಲಿ ಹೇರಿಕೊಂಡು ಬರುತ್ತಿದ್ದರು. ಅಂಗಡಿಗೆ ಬೋರ್ಡು ಇರಲಿಲ್ಲ. ಮನೆಯವರು ಮೋನು ಎಂದು ಕರೆದಿದ್ದರು. ಊರಿನವರು ಹಿರಿಯರಿಗೆ ಕೊಡುವ ಗೌರವವನ್ನು ಸೇರಿಸಿ ಮೋನಾಕ ಮಾಡಿದ್ದರು. ಅದು ಅವರ ನಿಜವಾದ ಹೆಸರಲ್ಲ ಎಂದು ನನಗೆ ಗೊತ್ತಿತ್ತು. ನಿಜವಾದ ಹೆಸರೇನು ಎಂದು ಕೇಳಲು ಹೋಗಲಿಲ್ಲ.

ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಬಂಟ್ವಾಳದವನು. ಹೈಸ್ಕೂಲು ಮುಗಿಸಿ ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು, ಆಮೇಲೆ ಶಾರ್ಜಾದ ಒಂದು ಗೋದಾಮಿನಲ್ಲಿ ಮೂವತ್ತು ವರ್ಷ ಸಾಮಾನು ನೋಡಿಕೊಂಡೆ. ಅಲ್ಲಿ ಶುಕ್ರವಾರದ ರಜೆಯಲ್ಲಿ ಮರಳುಗಾಡಿಗೆ ಹೋಗಿ ಸಣ್ಣ ವಿಮಾನ ಹಾರಿಸುವವರ ಸಹವಾಸವಾಯಿತು. ಎರಡು ಮೀಟರ್ ರೆಕ್ಕೆ, ಮೂತಿಯಲ್ಲಿ ಅಂಗೈಯಷ್ಟು ದೊಡ್ಡ ಪೆಟ್ರೋಲ್ ಎಂಜಿನ್, ನಮ್ಮ ಕೈಯಲ್ಲಿ ರಿಮೋಟ್. ಊರಿಗೆ ಮರಳಿದಾಗ ಬಿಚ್ಚಿ ಕಟ್ಟಿದ ಒಂದು ವಿಮಾನ ನನ್ನ ಜತೆ ಬಂತು. "ಎಲ್ಲರ ಗಂಡಂದಿರು ಚಿನ್ನ ತರ್ತಾರೆ, ನಮ್ಮವರು ಹೆಲಿಕಾಪ್ಟರ್ ತಂದಿದ್ದಾರೆ" ಎಂದು ಪ್ರೇಮ ಬಂದವರಿಗೆಲ್ಲ ತೋರಿಸುತ್ತಿದ್ದಳು. ಅದು ವಿಮಾನ ಎಂದು ತಿದ್ದಿ ತಿದ್ದಿ ನಾನು ಸೋತೆ.

ಹೆಲಿಕಾಪ್ಟರೋ ವಿಮಾನವೋ, ಊರಿಗೆ ಬಂದ ಮೇಲೆ ಅದು ಹಾರಲು ಒಪ್ಪಲಿಲ್ಲ. ಸ್ಟಾರ್ಟ್ ಆಗುತ್ತಿತ್ತು, ನಿಂತಲ್ಲಿ ಪಾಪದ ಹಾಗೆ ಗುರುಗುಟ್ಟುತ್ತಿತ್ತು, ವೇಗ ಕೊಟ್ಟ ಕೂಡಲೇ ಬಿಕ್ಕಿ ಸಾಯುತ್ತಿತ್ತು. ಪ್ಲಗ್ ಬದಲಿಸಿದೆ, ಪೆಟ್ರೋಲ್ ಬದಲಿಸಿದೆ, ಯೂಟ್ಯೂಬಿನಲ್ಲಿ ಬಿಳಿಯರು ಹೇಳಿದ್ದನ್ನೆಲ್ಲ ಮಾಡಿದೆ. ಕೊನೆಗೆ ಯಾರೋ ಮಾಣಿಗೆ ಹೋಗಿ ನೋಡಿ ಎಂದರು. ಹುಲ್ಲಿನ ಮಿಷನಿನವನಿಗೆ ವಿಮಾನ ತೋರಿಸುವುದಾ ಎಂದು ಒಂದು ವಾರ ಬಿಂಕ ಮಾಡಿ, ಆಮೇಲೆ ಹೋದೆ.

ಮೋನಾಕ ಬೆನ್ನು ಹಾಕಿ ನಿಂತು ಕೇಳಿದರು. ಎಂಜಿನ್ ಮೂರು ಸಲ ಸತ್ತಿತು.

"ಇವನಿಗೆ ಹಸಿವು" ಎಂದರು.

ಅವರ ಪ್ರಕಾರ ಎಂಜಿನ್‌ಗಳಿಗೆ ಇರುವುದು ಎರಡೇ ಕಾಯಿಲೆ. ಪೆಟ್ರೋಲ್ ಕಡಿಮೆ ಹೋದರೆ ಹಸಿವು, ಹೆಚ್ಚು ಹೋದರೆ ಅಜೀರ್ಣ. ಹಸಿದವ ಕಿರುಚಿ ಕಿರುಚಿ ತಟ್ಟನೆ ಬೀಳುತ್ತಾನೆ. ಅಜೀರ್ಣದವ ಹೊಗೆ ಬಿಟ್ಟು, ಗೊಗ್ಗರು ಸ್ವರದಲ್ಲಿ ಗೊಣಗಿಕೊಂಡಾದರೂ ಕೆಲಸ ಮಾಡುತ್ತಾನೆ. ಇದನ್ನು ಹೇಳುವಾಗ ಮೋನಾಕ ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿ, ತಾವು ಎರಡನೆಯ ಜಾತಿ ಎಂದು ಒಪ್ಪಿಕೊಳ್ಳುತ್ತಿದ್ದರು.

ಎಂಜಿನಿಗೆ ಪೆಟ್ರೋಲ್ ಬಡಿಸುವ ಕಾರ್ಬೊರೇಟರನ್ನು ಕಳಚಿ ಸ್ಟೀಲಿನ ಊಟದ ಬಟ್ಟಲಿನಲ್ಲಿ ಒಂದೊಂದೇ ಭಾಗ ಇಟ್ಟರು. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ವಸ್ತುವಿನ ಹೊಟ್ಟೆಯಲ್ಲಿ ಅಷ್ಟೆಲ್ಲ ಇದೆ ಎಂದು ನನಗೆ ಗೊತ್ತಿರಲಿಲ್ಲ. ಒಳಗೆ ಡಯಾಫ್ರಮ್ ಎಂಬ ತೆಳು ರಬ್ಬರ್ ಹಾಳೆ ಇರುತ್ತದೆ. ಎಂಜಿನ್ ಉಸಿರೆಳೆದಾಗ ಅದು ಬಾಗಿ, ಪೆಟ್ರೋಲಿನ ಬಾಗಿಲು ತೆರೆಯಬೇಕು. ನನ್ನದು ಶಾರ್ಜಾದ ಸೆಕೆಗೆ ಒಣಗಿ ಹಪ್ಪಳವಾಗಿತ್ತು. ಮೋನಾಕ ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ಬಾಗಿಸಿದರು. ಕರಕರ ಎಂದಿತು.

"ಕೇಳಿದ್ರಾ? ಊಟಕ್ಕೆ ಕುಳಿತಿದ್ದೇನೆ ಅಂತಿದೆ."

ಪೆಟ್ರೋಲ್ ಬರುವ ದಾರಿಯ ಜಾಲರಿಯಲ್ಲಿ ಸಾಸಿವೆಯಷ್ಟು ಕಸ ಕುಳಿತಿತ್ತು. ಅದನ್ನು ಸೂಜಿಯಿಂದ ಎತ್ತಿದರು. ಪೈಪನ್ನು ಬಾಯಿಗಿಟ್ಟು ಊದಿ, ಮುಚ್ಚಿದ ಬಾಗಿಲಿನಿಂದ ಗಾಳಿ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಮೇಲಿನ ಡಬ್ಬದಿಂದ ಹೊಸ ರಬ್ಬರ್ ಹಾಳೆ ತೆಗೆದು ಕೂರಿಸತೊಡಗಿದರು. ಒಂದು ಬದಿಗೆ ಮೊದಲು ಕಾಗದದ ಪ್ಯಾಕಿಂಗ್, ಮೇಲೆ ರಬ್ಬರ್. ಇನ್ನೊಂದು ಬದಿಗೆ ಮೊದಲು ರಬ್ಬರ್, ಮೇಲೆ ಪ್ಯಾಕಿಂಗ್. ಇದು ಅದಲು ಬದಲಾದರೆ ಎಂಜಿನ್ ಮೂರು ದಿನ ಮಾತಾಡುವುದಿಲ್ಲವಂತೆ.

"ಈ ಹಾಳೆ ಹುಲ್ಲಿನ ಮಿಷನಿನದ್ದಲ್ವಾ?" ಎಂದೆ. ಡಬ್ಬದ ಮೇಲಿನ ಚಿತ್ರ ನನಗೆ ಕಂಡಿತ್ತು.

"ಹೌದು. ಕಾರ್ಬೊರೇಟರ್ ಎರಡಕ್ಕೂ ಒಂದೇ."

"ಆದರೆ ಇದು ವಿಮಾನ."

ಮೋನಾಕ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. "ತಾನು ಹುಲ್ಲಿನದ್ದಾ ಆಕಾಶದ್ದಾ ಅಂತ ರಬ್ಬರಿಗೆ ಗೊತ್ತುಂಟಾ ಶೆಟ್ರೇ? ನೀವು ಹೇಳದಿದ್ದರೆ ಸಾಕು."

ಐದು ನಿಮಿಷದಲ್ಲಿ ಎಂಜಿನ್ ಹಾಡಿತು.

ಆಮೇಲೆ ಅವರು ಮಾಡಿದ ಕೆಲಸ ನೋಡಿ ನನಗೆ ನಗು ಬಂತು. ಗೂಡಿನಿಂದ ಕೆಂಪು ನೈಲ್ ಪಾಲಿಶಿನ ಬಾಟಲಿ ತೆಗೆದು, ಪೆಟ್ರೋಲ್ ಅಳೆಯುವ ಸ್ಕ್ರೂವಿನ ತಲೆಯಿಂದ ಕಾರ್ಬೊರೇಟರಿನ ಮೈವರೆಗೆ ಒಂದು ಸಣ್ಣ ಗೆರೆ ಎಳೆದರು. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗುತ್ತದೆ. ಅವರ ಕೈಯಿಂದ ಹೋದ ಎಲ್ಲ ಮಿಷನಿಗೂ ಆ ಗೆರೆ ಇರುತ್ತಿತ್ತು. ಯಾರಾದರೂ ಜಗಳಕ್ಕೆ ಬಂದರೆ ಮೋನಾಕ ಮಾತಾಡುತ್ತಿರಲಿಲ್ಲ, ಗೆರೆ ನೋಡುತ್ತಿದ್ದರು. ಗೆರೆ ನೆಟ್ಟಗಿದ್ದರೆ ತಪ್ಪು ಅವರದ್ದು. ತುಂಡಾಗಿದ್ದರೆ ತಂದವನದ್ದು. ಮಾಣಿಯಿಂದ ನಾರಾವಿಯವರೆಗೆ ಇದಕ್ಕೆ ಎದುರು ಮಾತಿರಲಿಲ್ಲ.

"ಯಾರದ್ದು ಮೋನಾಕ ಈ ಬಾಟಲಿ?" ಎಂದು ತಮಾಷೆ ಮಾಡಿದೆ.

"ನನ್ನದೇ. ಫ್ಯಾನ್ಸಿ ಅಂಗಡಿಯ ಹುಡುಗಿ ಯಾವ ಬಣ್ಣ ಬೇಕು ಅಂತ ಕೇಳಿದಳು. ಬೇಗ ಒಣಗುವ ಬಣ್ಣ ಕೊಡು ಅಂದೆ. ಈಗ ನಾನು ಮೆಟ್ಟಿಲು ಹತ್ತುವಾಗಲೇ ತೆಗೆದಿಡ್ತಾಳೆ. ನನ್ನ ಉಗುರು ನೋಡಿ ಅವಳಿಗೆ ಏನನ್ನಿಸ್ತದೋ."

ಮರುವಾರ ನಾರಾವಿಯಲ್ಲಿ ಪರಿಚಯದವರ ಕೊಯ್ಲು ಮುಗಿದ ಗದ್ದೆಯಲ್ಲಿ ಹಾರಿಸುವುದೆಂದಾಯಿತು. ಮೋನಾಕ ಅಂಗಡಿಗೆ ಬಾಗಿಲು ಹಾಕಿ ಬಂದರು. ಅವರು ವಿಮಾನ ಹಾರುವುದನ್ನು ಹತ್ತಿರದಿಂದ ನೋಡಿದವರಲ್ಲ. ಆದರೂ ಹಾರಿಸುವ ಮೊದಲು ಒಂದು ಪರೀಕ್ಷೆ ಬೇಕು ಎಂದರು. ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದು, ಮೂತಿ ಆಕಾಶಕ್ಕೆ ಮಾಡಿ, "ಈಗ ಪೂರ್ತಿ ಕೊಡಿ" ಎಂದರು. ಕೊಟ್ಟೆ. ಅವರ ಟೊಪ್ಪಿ ಹಾರಿ ಪಕ್ಕದ ಗದ್ದೆಗೆ ಹೋಯಿತು. ಲುಂಗಿ ಹಾರುವುದರಲ್ಲಿತ್ತು. ಕೈ ಎರಡೂ ವಿಮಾನದ ಮೇಲಿದ್ದದ್ದರಿಂದ ಮೊಣಕಾಲನ್ನು ಒಂದಕ್ಕೊಂದು ಒತ್ತಿ ಮಾನ ಕಾಪಾಡಿಕೊಂಡರು. ಎಂಜಿನ್ ಮಾತ್ರ ಮೂತಿ ಮೇಲಾದ ಕೂಡಲೇ ಸೊರಗಿತು.

"ಕಂಡ್ರಾ? ಹತ್ತುವಾಗ ಹಸಿವು ಜಾಸ್ತಿ. ಇವನಿಗೆ ಸ್ವಲ್ಪ ಹೆಚ್ಚು ಬಡಿಸುವ. ನೆಲದಲ್ಲಿರುವಾಗ ಸ್ವಲ್ಪ ಹೊಗೆ ಬಿಡ್ತಾನೆ, ಸ್ವರ ಗೊಗ್ಗರು ಆಗ್ತದೆ. ಮೇಲೆ ಹೋದ ಮೇಲೆ ಸರಿಯಾಗ್ತದೆ. ನೀವು ಮಾತ್ರ ಮುಟ್ಟಬೇಡಿ."

ಸ್ಕ್ರೂ ತುಸು ಬಿಚ್ಚಿ, ಹೊಸ ಗೆರೆ ಎಳೆದು, ಗಾಳಿ ಊದಿ ಒಣಗಿಸಿದರು. ವಿಮಾನ ಏರಿತು. ಮೋನಾಕ ಎಂದಿನಂತೆ ಬೆನ್ನು ಹಾಕಿ ನಿಂತರು. ಆದರೆ ಶಬ್ದ ಒಂದು ಕಡೆ ನಿಲ್ಲದೆ ಸುತ್ತುತ್ತಿತ್ತಲ್ಲ, ಅದಕ್ಕೆ ಬೆನ್ನು ಹಾಕಲು ಇವರೂ ಗದ್ದೆಯ ನಡುವೆ ಸುತ್ತಿದರು. ಎರಡು ಸುತ್ತಿಗೆ ತಲೆ ತಿರುಗಿ ಕುಳಿತೇಬಿಟ್ಟರು. ಆಮೇಲೆ ಮೊದಲ ಸಲ ಕಣ್ಣು ಬಿಟ್ಟು, ತಲೆಯೆತ್ತಿ ನೋಡಿದರು.

"ನಲವತ್ತು ವರ್ಷ ಮಿಷನಿನ ಶಬ್ದ ಕೇಳಿದ್ದೇನೆ ಶೆಟ್ರೇ. ಎಲ್ಲ ನೆಲದಿಂದ. ಮೇಲಿನಿಂದ ಕೇಳುವುದು ಇದೇ ಸುರು" ಎಂದರು.

ಆ ದಿನದಿಂದ ಎರಡು ವರ್ಷ ನಾವು ಜೋಡಿ. ನಾನು ಮುರಿದುಕೊಂಡ, ವಿಮಾನದ ಮೂತಿಯಲ್ಲಿ ತಿರುಗುವ ಮರದ ಪಂಕವೊಂದನ್ನು ಅವರು ಅಂಗಡಿಯ ಬಾಗಿಲ ಮೇಲೆ ಮೊಳೆ ಹೊಡೆದು ತೂಗಿಸಿದರು. ಬೋರ್ಡು ಇಲ್ಲದ ಅಂಗಡಿಗೆ ಅದೇ ಬೋರ್ಡು. ಮಂಗಳೂರಿನಿಂದಲೂ ಇಬ್ಬರು ಮೂವರು ವಿಮಾನ ಹಿಡಿದುಕೊಂಡು ಅವರಲ್ಲಿಗೆ ಬಂದರು. ಮೋನಾಕ ಹುಲ್ಲಿನ ಮಿಷನಿನವರನ್ನು ಕಾಯಿಸುತ್ತಿರಲಿಲ್ಲ, ಆದರೆ ವಿಮಾನದವರು ಬಂದ ದಿನ ಶರಟು ಹಾಕಿಕೊಳ್ಳುತ್ತಿದ್ದರು.

ಇನ್ನು ಹೇಳಬೇಕಾದದ್ದಕ್ಕೆ ಬರುತ್ತೇನೆ.

ಮೂಡಬಿದಿರೆಯಲ್ಲಿ ಒಂದು ಕೃಷಿ ಮೇಳವಿತ್ತು. ಉದ್ಘಾಟನೆ ಮುಗಿದ ಮೇಲೆ ನನ್ನ ವಿಮಾನ ವೇದಿಕೆಯ ಎದುರು ನೇರ ಮೇಲಕ್ಕೆ ಏರಿ, ಹೂವಿನ ಎಸಳು ಉದುರಿಸಬೇಕು. ನನಗೆ ಹೊಸ ಅಂಗಿ, ಕೊರಳಿಗೆ ಗುರುತಿನ ಚೀಟಿ. ಮೈದಾನದ ತುಂಬ ಬೆಳೆಗಾರರು, ಎಂದರೆ ಹೆಚ್ಚಿನವರು ಮೋನಾಕರ ಗಿರಾಕಿಗಳು. ಅವರು ಬೆಳಿಗ್ಗೆಯೇ ಬಂದು ಮೂತಿ ಮೇಲೆ ಮಾಡಿ ಪರೀಕ್ಷಿಸಿ, ಗೆರೆ ಎಳೆದು, ಮಧ್ಯಾಹ್ನದ ನಮಾಜಿಗೆ ಹೋದರು.

ಅವರು ಅತ್ತ ಹೋದಾಗ ನಾಲ್ಕು ಜನ ನೋಡಲಿ ಎಂದು ನಾನು ಎಂಜಿನ್ ಸ್ಟಾರ್ಟ್ ಮಾಡಿದೆ. ಅದು ಮೋನಾಕ ಹೇಳಿದ ಹಾಗೆಯೇ ಗೊಗ್ಗರು ಸ್ವರದಲ್ಲಿ ಗೊಣಗುತ್ತ ಹೊಗೆ ಬಿಟ್ಟಿತು. ಸುತ್ತ ನಿಂತವರಲ್ಲಿ ಒಬ್ಬ, "ಏನು ಶೆಟ್ರೇ, ಸೊಳ್ಳೆಗೆ ಹೊಗೆ ಹಾಕುವುದಾ?" ಎಂದ. ಎಲ್ಲ ನಕ್ಕರು. ಇನ್ನೊಬ್ಬ, "ನನ್ನ ಹುಲ್ಲಿನ ಮಿಷನಿನದ್ದೇ ಸ್ವರ ಮಾರಾಯ" ಎಂದ.

ಆ ಎರಡನೆಯ ಮಾತು ನನಗೆ ಚುಚ್ಚಿತು. ಎಂಜಿನ್ ನಿಲ್ಲಿಸಿ, ಮೂತಿಯ ಮುಚ್ಚಳ ಬಿಚ್ಚಿ, ಸ್ಕ್ರೂವನ್ನು ಕಾಲು ಸುತ್ತಿಗಿಂತಲೂ ಕಡಿಮೆ ಬಿಗಿ ಮಾಡಿದೆ. ಗೆರೆ ಟಕ್ಕನೆ ತುಂಡಾದದ್ದು ಕಂಡಿತು. ಮುಚ್ಚಳ ಹಾಕಿ ಮತ್ತೆ ಸ್ಟಾರ್ಟ್ ಮಾಡಿದೆ. ಹೊಗೆ ಹೋಯಿತು, ಎಂಜಿನ್ ಎಳೆದ ತಂತಿಯ ಹಾಗೆ ಸಣ್ಣ ಸ್ವರದಲ್ಲಿ ಕಿರುಚಿತು. ಈಗ ಯಾರೂ ನಗಲಿಲ್ಲ.

ಮೋನಾಕ ಬಂದರು. ಹಾರಿಸುವ ಹೊತ್ತಿಗೆ ಎಂಜಿನ್ ಎಬ್ಬಿಸಿದಾಗ ಎಂದಿನಂತೆ ಬೆನ್ನು ಹಾಕಿ ನಿಂತವರು ಸರಕ್ಕನೆ ತಿರುಗಿದರು.

"ಸ್ವರ ಸಪೂರ ಆಯ್ತಲ್ಲ ಶೆಟ್ರೇ. ಮುಟ್ಟಲಿಲ್ಲ ಅಲ್ವಾ?"

"ಇಲ್ಲ ಮೋನಾಕ. ಬಿಸಿಲಿಗೆ ಇರಬೇಕು."

ಅವರು ಮುಚ್ಚಳ ಬಿಚ್ಚಿ ನೋಡಬಹುದಿತ್ತು. ನೋಡಲಿಲ್ಲ. ನಾನು ಇಲ್ಲ ಎಂದಿದ್ದೆ.

ವಿಮಾನ ನೆಲ ಬಿಟ್ಟು, ವೇದಿಕೆಯ ಎದುರು ಮೂತಿಯೆತ್ತಿ, ನೇರ ಮೇಲಕ್ಕೆ ಹತ್ತಿತು. ಮೂರು ತೆಂಗಿನ ಮರದಷ್ಟು ಎತ್ತರದಲ್ಲಿ ಎಂಜಿನ್ ಹಸಿದು ತಟ್ಟನೆ ಸತ್ತಿತು. ಆಮೇಲಿನ ಮೌನ ಈಗಲೂ ನನಗೆ ಕೇಳುತ್ತದೆ. ಎಸಳು ಉದುರಬೇಕಾದಲ್ಲಿ ವಿಮಾನವೇ ಉದುರಿತು. ಬಿದ್ದದ್ದು ಪುನರ್ಪುಳಿ ಜ್ಯೂಸಿನ ಮಳಿಗೆಯ ಮೇಲೆ. ಡ್ರಮ್ಮು ಮಗುಚಿ ಕಡುಕೆಂಪು ಜ್ಯೂಸು ಎಲ್ಲ ಕಡೆ ಹಾರಿತು. ಜ್ಯೂಸಿನವರು ಹೊರಗೆ ನಿಂತು ವಿಮಾನವನ್ನೇ ನೋಡುತ್ತಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಅಂಗಿ ಕೆಂಪಾದ ಒಬ್ಬರನ್ನು ನಾಲ್ಕು ಜನ ಎತ್ತಿಕೊಂಡು ಓಡಿದರು. ಅವರು ದಾರಿಯುದ್ದಕ್ಕೂ, "ಬಿಡಿ ಮಾರಾಯ್ರೇ, ಇದು ಜ್ಯೂಸು" ಎನ್ನುತ್ತಿದ್ದರು.

ಕಾರ್ಯಕ್ರಮ ನಿರೂಪಕ ಮೈಕು ಹಿಡಿದು ನನ್ನ ಹತ್ತಿರ ಬಂದ. "ಶೆಟ್ರೇ, ಏನಾಯ್ತು? ಜನ ಕಾಯ್ತಿದ್ದಾರೆ, ಎರಡು ಮಾತು ಹೇಳಿ."

ನಾನು ಹೇಳಿದೆ. ಮೈಕಿನಲ್ಲಿ, ಇಡೀ ಮೈದಾನಕ್ಕೆ ಕೇಳುವ ಹಾಗೆ.

"ತಪ್ಪು ನನ್ನದೇ. ಹುಲ್ಲಿನ ಮಿಷನಿನವನ ಕೈಗೆ ವಿಮಾನ ಕೊಟ್ಟದ್ದು."

ಮೈದಾನ ನಕ್ಕಿತು. ನನ್ನ ಅವಮಾನ ಅಷ್ಟು ಸುಲಭದಲ್ಲಿ ಇನ್ನೊಬ್ಬರ ಮೇಲೆ ಹೋಯಿತು.

ಅಷ್ಟರಲ್ಲಿ ಮೋನಾಕ ಜ್ಯೂಸಿನಿಂದ ಎಂಜಿನ್ ಎತ್ತಿ ತಂದಿದ್ದರು. ಮೂತಿಯ ಮುಚ್ಚಳ ಪುಡಿಯಾಗಿತ್ತು, ಕಾರ್ಬೊರೇಟರ್ ಬಯಲಾಗಿತ್ತು. ಲುಂಗಿಯ ಅಂಚಿನಿಂದ ಅದನ್ನು ಒರಸಿದರು. ಗೆರೆ ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ನಾನು ನೋಡಿದ್ದು ಅವರಿಗೂ ಗೊತ್ತಾಯಿತು. ನಿರೂಪಕ ತಮಾಷೆಗೆ ಮೈಕನ್ನು ಅವರ ಬಾಯಿಗೂ ಹಿಡಿದ. "ನೀವೇನು ಹೇಳ್ತೀರಿ ಮೋನಾಕ?"

ಅವರು ಆ ಗೆರೆಯನ್ನು ಎತ್ತಿ ತೋರಿಸಿದ್ದರೆ ಸಾಕಿತ್ತು. ಆ ಮೈದಾನದ ಅರ್ಧ ಜನರಿಗೆ ಗೆರೆಯ ಕಾನೂನು ಗೊತ್ತಿತ್ತು. ಮೋನಾಕ ಹೆಬ್ಬೆರಳನ್ನು ಸ್ಕ್ರೂವಿನ ಮೇಲಿಟ್ಟು ಮುಚ್ಚಿದರು.

"ಮಿಷನ್ ಅಲ್ವಾ. ಒಮ್ಮೊಮ್ಮೆ ಹೀಗಾಗ್ತದೆ" ಎಂದರು.

ಎಂಜಿನನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕಾರಿನಲ್ಲಿಟ್ಟು, ತಮ್ಮ ಸ್ಕೂಟರ್ ಹತ್ತಿ ಹೋದರು. ಮನೆಗೆ ಬಂದು ಬಿಚ್ಚಿ ನೋಡಿದರೆ ಗೆರೆಯೇ ಇರಲಿಲ್ಲ. ಉಗುರಿನಿಂದ ಕೆರೆದು ಪೂರ್ತಿ ತೆಗೆದಿದ್ದರು. ಇನ್ನು ಯಾರು ನೋಡಿದರೂ ತಪ್ಪು ಯಾರದ್ದೆಂದು ಗೊತ್ತಾಗುವ ಹಾಗಿರಲಿಲ್ಲ.

ನನ್ನ ಮಾತು ಮಾತ್ರ ಅಳಿಸಿಹೋಗಲಿಲ್ಲ. ಹುಲ್ಲಿನ ಮಿಷನ್ ಕೊಡಲು ಬಂದವರೆಲ್ಲ, "ಮೋನಾಕ, ಇದು ಬೀಳ್ಲಿಕ್ಕಿಲ್ಲ ಅಲ್ವಾ?" ಎಂದು ಕೇಳುವುದು ಒಂದು ಪದ್ಧತಿಯಾಯಿತು. ಅವರೂ ನಗುತ್ತಿದ್ದರಂತೆ. ಮಂಗಳೂರಿನ ವಿಮಾನದವರು ಬರುವುದು ನಿಂತಿತು. ಬಾಗಿಲ ಮೇಲಿನ ಪಂಕ ಇಳಿಯಿತು.

ಕ್ಷಮೆ ಕೇಳಬೇಕೆಂದು ನಾನು ಎರಡು ಸಲ ಮಾಣಿಗೆ ಹೋದೆ. ಬರಿಗೈಯಲ್ಲಿ ಹೋಗಲು ಧೈರ್ಯವಿಲ್ಲದೆ, ಮೊದಲ ಸಲ ನೆರೆಮನೆಯವರ ಕೆಟ್ಟ ಹುಲ್ಲಿನ ಮಿಷನ್ ಹೊತ್ತುಕೊಂಡು ಹೋದೆ. ಮೋನಾಕ ಚಹಾ ತರಿಸಿದರು. ಮಳೆಯ ವಿಷಯ ಮಾತಾಡಿದೆವು, ಹೆದ್ದಾರಿಯ ಧೂಳಿನ ವಿಷಯ ಮಾತಾಡಿದೆವು. ಮಿಷನ್ ಸರಿಯಾಯಿತು. ನಾನು ಎದ್ದು ಬಂದೆ.

ಎರಡನೆಯ ಸಲ ಅದೇ ಮಿಷನ್. ಮೋನಾಕ ಸ್ಟಾರ್ಟ್ ಮಾಡಿ, ಬೆನ್ನು ಹಾಕಿ ನಿಂತು ಬಹಳ ಹೊತ್ತು ಕೇಳಿದರು. ನಂದಿಸಿ ತಿರುಗಿದರು.

"ಇವನಿಗೆ ಏನೂ ಆಗಲಿಲ್ಲ. ನಿಮಗೇನಾದರೂ ಆಗಿದೆಯಾ ಶೆಟ್ರೇ?"

ಅದಕ್ಕಿಂತ ದೊಡ್ಡ ಬಾಗಿಲನ್ನು ಯಾರೂ ಯಾರಿಗೂ ತೆರೆಯಲಾರರು. ನಾನು ಗೂಡಿನ ಕಡೆ ನೋಡಿದೆ. ನೈಲ್ ಪಾಲಿಶಿನ ಬಾಟಲಿ ಅಲ್ಲೇ ಇತ್ತು, ಒಳಗಿದ್ದದ್ದು ಒಣಗಿ ತಳಕ್ಕೆ ಅಂಟಿತ್ತು.

"ಈಗ ಗೆರೆ ಹಾಕುವುದಿಲ್ವಾ ಮೋನಾಕ?" ಎಂದೆ. ಕೇಳಬೇಕಾದದ್ದರ ಬದಲು ಬಾಯಿಗೆ ಬಂದದ್ದು ಅದು.

"ಹಾಕಿದರೆ ಮತ್ತೆ ನೋಡಬೇಕಾಗ್ತದೆ ಅಲ್ವಾ" ಎಂದರು. ಸಿಟ್ಟಿರಲಿಲ್ಲ. ಮಿಷನನ್ನು ತಾವೇ ಎತ್ತಿ ನನ್ನ ಕಾರಿಗಿಟ್ಟರು.

ಮನೆಯಲ್ಲಿ ಪ್ರೇಮ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಳಿ ಬಂದ್ರಾ?"

"ಇಲ್ಲ."

"ಮಿಷನ್?"

"ಸರಿ ಉಂಟಂತೆ."

"ಅದು ಹಾಳಾಗಿರಲೇ ಇಲ್ಲವಲ್ಲ" ಎಂದು ಒಳಗೆ ಹೋದಳು.

ಮೂರನೆಯ ಸಲಕ್ಕೆ ನಾನು ಮನಸ್ಸು ಗಟ್ಟಿ ಮಾಡುತ್ತಿದ್ದಾಗ ವಾಟ್ಸಾಪಿನಲ್ಲಿ ಒಂದು ನಿಧನ ವಾರ್ತೆ ಬಂತು. ಕೆಳಗಿದ್ದ ಹೆಸರು ನನಗೆ ಗೊತ್ತಿಲ್ಲದ್ದು. ಯಾರಪ್ಪಾ ಇದು ಎಂದು ಫೋಟೋ ದೊಡ್ಡದು ಮಾಡಿ ನೋಡಿದೆ. ಕನ್ನಡಕದ ಮೇಲಿನಿಂದ ನೋಡುವ ಅದೇ ನೋಟ. ಶರಟು ಹಾಕಿಕೊಂಡಿದ್ದರು.

ಮಾಣಿಯ ಅವರ ಮನೆಗೆ ಹೋದೆ. ಮಗ ನನ್ನ ಕೈ ಹಿಡಿದು, "ವಿಮಾನದ ಶೆಟ್ರು ಅಲ್ವಾ? ಉಪ್ಪ ನಿಮ್ಮ ವಿಷಯ ಹೇಳ್ತಿದ್ದರು" ಎಂದು ತಂದೆಯ ಮಾತೆತ್ತಿದ.

"ಏನು ಹೇಳ್ತಿದ್ದರು?"

"ಮಿಷನಿನ ಶಬ್ದ ಮೇಲಿನಿಂದ ಕೇಳಿದ್ದು. ನಾರಾವಿಯಲ್ಲಿ."

"ಮತ್ತೆ?"

"ಅಷ್ಟೇ."

ಅವನಿಗೂ ನಾನು ಹೇಳಲಿಲ್ಲ.

ವಿಮಾನವನ್ನು ಮತ್ತೆ ಕಟ್ಟಿದ್ದೇನೆ. ಕಾರ್ಬೊರೇಟರನ್ನು ಊಟದ ಬಟ್ಟಲಿನಲ್ಲಿಟ್ಟು ನಾನೇ ಬಿಚ್ಚುತ್ತೇನೆ. ಸ್ಕ್ರೂ ತುಸು ಸಡಿಲ ಬಿಡುತ್ತೇನೆ. ಹೊಗೆ ಬರುತ್ತದೆ, ಸ್ವರ ಗೊಗ್ಗರು, ಥೇಟು ಹುಲ್ಲಿನ ಮಿಷನ್. ನೋಡಿದವರು ನಗುತ್ತಾರೆ, ನಗಲಿ. ನೈಲ್ ಪಾಲಿಶ್ ಮಾಣಿಯ ಅದೇ ಫ್ಯಾನ್ಸಿ ಅಂಗಡಿಯದ್ದು. ನಾನು ಬೇಗ ಒಣಗುವ ಬಣ್ಣ ಕೇಳಿದಾಗ ಅಂಗಡಿಯವಳು ಒಂದು ಕ್ಷಣ ನನ್ನ ಮುಖ ನೋಡಿ, ಕೆಂಪು ಬಾಟಲಿ ತೆಗೆದುಕೊಟ್ಟಳು.

ಇಷ್ಟು ಬರೆದು ಪ್ರೇಮಳಿಗೆ ಓದಿ ಹೇಳಿದೆ. ಅವಳು ಕೊನೆಯವರೆಗೆ ಕೇಳಿ, "ಮೋನಾಕ ಅಂತ ಮಾತ್ರ ಬರೆದರೆ ಸಾಲದು" ಎಂದಳು. "ಮೈಕಿನಲ್ಲೂ ನೀವು ಹೆಸರು ಹೇಳಲಿಲ್ಲ. ಹುಲ್ಲಿನ ಮಿಷನಿನವ ಅಂದ್ರಿ. ಇಲ್ಲಾದರೂ ಹೇಳಿ."

ಸರಿ. ಆ ದಿನ ಮೂಡಬಿದಿರೆಯಲ್ಲಿ ಎಂಜಿನ್ ನಿಂತದ್ದು ನನ್ನ ಕೈಯಿಂದ. ಅದನ್ನು ಸರಿಯಾಗಿ ಇಟ್ಟುಹೋದವರು, ನಾನು ಯಾರಲ್ಲಿ ಕ್ಷಮೆ ಕೇಳದೆ ಉಳಿದೆನೋ ಅವರು, ಮಾಣಿಯ ಅಬ್ದುಲ್ ಖಾದರ್.